ಮಿಸ್ ಯೂಲಲಿಯ ತುಂಬಲಾರದ ಸ್ಥಾನ

ಈಗಿನವರು ಮಾತಾಡುವುದನ್ನು ಕೇಳಿದರೆ ನಮ್ಮ ಸ್ಟೋನಿ ಘಾಟಿನ ಹಳಬರಿಗೆ ಸಂಕಟವಾಗುತ್ತದೆ. ಮಳೆ ಬಂತು, ಊಟ ಆಯ್ತು, ದೋಣಿ ಹೋಯ್ತು. ಅಷ್ಟಕ್ಕೆ ಮಾತು ಮುಗಿಯಿತು. ಹಿಂದೆ ಹೀಗಿರಲಿಲ್ಲ ಸ್ವಾಮಿ. ನೆವಿಸ್ ದ್ವೀಪ ಎಂದರೆ ಒಂದು ಬೆಟ್ಟ, ಅದರ ಸುತ್ತ ಒಂದು ರಸ್ತೆ, ಅಷ್ಟೇ. ಆದರೆ ಆ ರಸ್ತೆ ಬದಿಯ ನಮ್ಮೂರಿನಲ್ಲಿ ಇದ್ದಂಥ ಇಂಗ್ಲಿಷು ಲಂಡನ್ನಿನ ಅರಮನೆಯಲ್ಲೂ ಇಲ್ಲವೆಂದು ಎಲ್ಲರೂ ನಂಬಿದ್ದರು. ಅರಮನೆಗೆ ಹೋಗಿ ನೋಡಿಬಂದವರು ಯಾರೂ ಇಲ್ಲದ್ದರಿಂದ ಆ ನಂಬಿಕೆಗೆ ಏನೂ ಧಕ್ಕೆಯಾಗಲಿಲ್ಲ.

ಮನೆಯೊಳಗಿನ ಇಂಗ್ಲಿಷು ಬೇರೆ, ವೇದಿಕೆಯ ಇಂಗ್ಲಿಷು ಬೇರೆ. ಮನೆಯದು ಬರಿಗಾಲಲ್ಲಿ ಓಡಾಡಿಕೊಂಡಿರುತ್ತಿತ್ತು. ವೇದಿಕೆ ಹತ್ತಿದ ಮೇಲೆ ಮಾತ್ರ ಒಂದೊಂದು ನಾಮಪದದ ಮುಂದೆಯೂ ಒಂದೊಂದು ಗುಣವಾಚಕ ಇರಲೇಬೇಕು. ಅದೂ ಬಾಯಿಗೆ ಬಂದದ್ದಲ್ಲ, ಆ ಪದಕ್ಕೆ ಹೊಂದುವಂಥದ್ದು, ಹಿರಿಯರು ಜೋಡಿ ಮಾಡಿಟ್ಟಂಥದ್ದು. ಸಂಜೆ ಎಂದರೆ ಸಾಲದು, ಸುಗಂಧಭರಿತ ಸಂಜೆ ಎನ್ನಬೇಕು. ಮೌನವಾದರೆ ಗಾಢ ಮೌನ. ಚಪ್ಪಾಳೆಯಾದರೆ ಗಗನಭೇದಿ ಚಪ್ಪಾಳೆ. ಒಂದು ಲೋಟ ನೀರು ಕೇಳುವುದಾದರೂ ಅದು ಶೀತಲ ಜಲವಾಗಿಯೇ ಬರಬೇಕು.

ಇದಕ್ಕೆಲ್ಲ ಅಖಾಡವೆಂದರೆ ವರ್ಷಕ್ಕೊಮ್ಮೆ, ಕಬ್ಬಿನ ಕಟಾವು ಮುಗಿದ ಮೇಲೆ, ಶಾಲೆಯ ಹಾಲಿನಲ್ಲಿ ನಡೆಯುತ್ತಿದ್ದ ಟೀ ಮೀಟಿಂಗು. ಹೆಸರಿಗೆ ಟೀ, ಕಪ್ಪಿನಲ್ಲಿ ನಿಜಕ್ಕೂ ಏನಿರುತ್ತಿತ್ತು ಎಂಬುದನ್ನು ಪಾದ್ರಿಗಳು ಯಾವತ್ತೂ ವಿಚಾರಿಸಲಿಲ್ಲ. ಊರಿನ ಒಬ್ಬನನ್ನು ರಾಜ, ಒಬ್ಬಳನ್ನು ರಾಣಿ ಮಾಡಿ, ರಟ್ಟಿನ ಕಿರೀಟ ತೊಡಿಸಿ ಮೇಲೆ ಕೂರಿಸುವುದು. ಒಬ್ಬೊಬ್ಬ ಭಾಷಣಕಾರನೂ ಎದ್ದು ರಾಣಿಯನ್ನು ಹೊಗಳುವುದು. ಹೊಗಳುವಾಗ ಒಂದು ನಾಮಪದ ಗುಣವಾಚಕವಿಲ್ಲದೆ ಬಾಯಿಂದ ಜಾರಿತೋ, ಹಿಂದಿನ ಬೆಂಚಿನವರೆಲ್ಲ ಒಟ್ಟಿಗೆ "ಬೆತ್ತಲೆ!" ಎಂದು ಕೂಗುತ್ತಿದ್ದರು. ಹೆಂಗಸರು ಸೆರಗಿನಂತೆ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಹಿಂದಿನ ವರ್ಷ ಅಲ್ಫಿಯಸ್ ವಾಲ್ವಿನ್ ಈ ವೇದಿಕೆ ಹತ್ತಿ ಇಳಿದ ಕಥೆಯನ್ನು ಇನ್ನೂ ಯಾರೂ ಮರೆತಿರಲಿಲ್ಲ. ಅಲ್ಫಿಯಸ್ ಊರಿನ ಬ್ರೆಡ್ಡಿನವನು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅಕ್ಕ ಮೆರ್ಲೆಟ್ಟಾಳ ಜೊತೆ ವಾಸ. ಅವನ ಬ್ರೆಡ್ಡು ಪೇಟೆಯ ಆಸ್ಪತ್ರೆಯ ಅಡುಗೆಮನೆಗೂ ಹೋಗುತ್ತಿತ್ತು, ಅಷ್ಟು ಒಳ್ಳೆಯದು. ಮಾತು ಮಾತ್ರ ಬಾಯೊಳಗೇ ಹಿಟ್ಟಾಗಿ ಕೂತುಬಿಡುತ್ತಿತ್ತು.

"ಮಾನ್ಯರೇ, ರಾಣಿ..." ಎಂದ.

"ಬೆತ್ತಲೆ!"

"ಅಯ್ಯೋ, ಗಾಬರಿ..."

"ಬೆತ್ತಲೆ!"

"ನೀರು..."

"ಬೆತ್ತಲೆ!"

ಇಳಿದು ಹೋದ. ಎರಡನೆಯ ಸಾಲಿನಲ್ಲಿ ಕೂತಿದ್ದ ಮಿಸ್ ಯೂಲಲಿ ಹಾಬ್ಸನ್ ಎಲ್ಲರಂತೆ ನಗಲಿಲ್ಲ, ತಲೆ ತಗ್ಗಿಸಿದಳು. ನಕ್ಕಿದ್ದರೂ ಬೇಕಿತ್ತು ಎಂದು ಅಲ್ಫಿಯಸ್‌ಗೆ ಅನ್ನಿಸಿತು.

ಯೂಲಲಿ ಸಾಮಾನ್ಯದವಳಲ್ಲ. ನಮ್ಮ ದ್ವೀಪ ಕಂಡ ಅತಿ ದೊಡ್ಡ ಭಾಷಣಕಾರ ಜೊಸಾಯ ಹಾಬ್ಸನ್ನನ ಒಬ್ಬಳೇ ಮಗಳು. ಅವನು ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು, ಹುಣಸೆ ಮರದ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಳು. ಕೇಳಿಕೊಂಡು ಬಂದ ಗಂಡುಗಳನ್ನು ಮಾತು ಸರಿಯಿಲ್ಲವೆಂದು ವಾಪಸು ಕಳಿಸಿದವಳು. ಅಲ್ಫಿಯಸ್ ದಿನಾ ಬೆಳಗ್ಗೆ ಅವಳ ಬಾಗಿಲು ತಟ್ಟಿ, ಬಿಸಿಬಿಸಿ ಪೊಟ್ಟಣ ಚಾಚಿ, "ಬ್ರೆಡ್ಡು" ಎನ್ನುತ್ತಿದ್ದ.

"ಬ್ರೆಡ್ಡು ಅಷ್ಟೇನಾ?" ಎಂದು ಅವಳು ಕೇಳುತ್ತಿದ್ದಳು.

"ಹೂಂ, ಬ್ರೆಡ್ಡು" ಎಂದು ಅವನು ಓಡಿಹೋಗುತ್ತಿದ್ದ. ವರ್ಷಾನುಗಟ್ಟಲೆ ನಡೆದ ಪ್ರಣಯ ಇಷ್ಟೇ.

ಈ ವರ್ಷ ರಾಣಿ ಯಾರು ಎಂದರೆ ಮಿಸ್ ಯೂಲಲಿ ಎಂದು ತೀರ್ಮಾನವಾಯಿತು. ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಹೆಂಡತಿ ಕಳೆದುಕೊಂಡಿದ್ದ ಪೆಂಬರ್ಟನ್ ಟೀಚರು ಹೊಸ ಹಲ್ಲು ಕಟ್ಟಿಸಿಕೊಂಡಿದ್ದಾರೆ, ರಾಣಿಯನ್ನು ಹೊಗಳಿ ಆಮೇಲೆ ಮದುವೆಗೆ ಕೈ ಕೇಳುವವರಿದ್ದಾರೆ. ಟೀಚರೆಂದರೆ ಜೊಸಾಯ ಹಾಬ್ಸನ್ ಸತ್ತ ಮೇಲೆ ಊರಿನ ಮೊದಲ ನಂಬರಿನ ಬಾಯಿ. ಈ ಸಲ ಮಾತಾಡದಿದ್ದರೆ ಅವಳು ಕೈತಪ್ಪಿ ಹೋದಂತೆಯೇ ಎಂಬುದು ಅಲ್ಫಿಯಸ್‌ಗೂ ಹೊಳೆಯಿತು. ಆದರೆ ಗುಣವಾಚಕಗಳನ್ನು ಎಲ್ಲಿಂದ ತರುವುದು? ಮುಗ್ಧ ನೋಡಿ, ನೇರವಾಗಿ ಟೀಚರ ಮನೆಗೇ ಹೋದ.

"ಟೀಚರ್, ಒಂದೆರಡು ಒಳ್ಳೆ ಗುಣವಾಚಕ ಇದ್ರೆ ಕೊಡ್ತೀರಾ?"

ಟೀಚರು ಹೊಸ ಹಲ್ಲುಗಳನ್ನೆಲ್ಲ ತೋರಿಸಿದರು. "ಕತ್ತೆ ಬೇಕಾ ಅಲ್ಫಿಯಸ್? ಹಿತ್ತಲಲ್ಲಿದೆ, ಬಿಚ್ಕೊಂಡ್ಹೋಗು, ಒಂದು ವಾರ ಇಟ್ಕೋ. ಗುಣವಾಚಕ ಮಾತ್ರ ನನ್ನ ಹತ್ರ ಕೇಳ್ಬೇಡ."

ಆ ಕಾಲದಲ್ಲಿ ಹಾಗೇ. ಭಾಷಣಕಾರರು ತಮ್ಮ ಜೋಡಿಗಳನ್ನು ಹೆಂಡತಿಗೂ ಹೇಳಿಕೊಡುತ್ತಿರಲಿಲ್ಲ. ಅಲ್ಫಿಯಸ್ ಬೇಸತ್ತು ಮನೆಗೆ ಬಂದು ಹಿಟ್ಟು ನಾದುತ್ತ ಹೊಸ ರೇಡಿಯೊ ಹಾಕಿದ. ಮಧ್ಯಾಹ್ನ ಪಕ್ಕದ ದ್ವೀಪ ಸೇಂಟ್ ಕಿಟ್ಸ್‌ನಿಂದ ಸಾವಿನ ಸುದ್ದಿ ಓದುವ ಹೊತ್ತು. ಯಾರು ತೀರಿಕೊಂಡರು, ಯಾವ ಚರ್ಚಿನಲ್ಲಿ ಮಣ್ಣು, ಯಾರ್‍ಯಾರನ್ನು ಅಗಲಿದರು. ಊರಿಗೆ ಊರೇ ಚಮಚ ಕೆಳಗಿಟ್ಟು ಕೇಳುತ್ತಿದ್ದ ಕಾರ್ಯಕ್ರಮ ಅದು. ರೇಡಿಯೊದವನು ಗಂಭೀರ ದನಿಯಲ್ಲಿ ಓದುತ್ತಿದ್ದ: ನಿಷ್ಕಳಂಕ ಬದುಕು, ನಿಸ್ವಾರ್ಥ ಸೇವೆ, ಅಪಾರ ಬಂಧುಬಳಗ, ತುಂಬಲಾರದ ಸ್ಥಾನ.

ಹಿಟ್ಟು ನಾದುತ್ತಿದ್ದ ಕೈ ನಿಂತಿತು. ಗುಣವಾಚಕಗಳು! ಬಿಟ್ಟಿಯಾಗಿ, ಗಾಳಿಯಲ್ಲಿ, ದಿನಾ ಮಧ್ಯಾಹ್ನ! ಒಂದು ನಾಮಪದವಾದರೂ ಬೆತ್ತಲೆಯಾಗಿರಲಿ ನೋಡೋಣ!

ಅಂದಿನಿಂದ ಅಲ್ಫಿಯಸ್ ಹಿಟ್ಟಿನ ಮುಂದೆ ನಿಂತು ಅಭ್ಯಾಸ ಶುರುಮಾಡಿದ. ಒಂದು ಉಂಡೆಯನ್ನು ಹಲಗೆಗೆ ಬಡಿದು "ಅಳಿಸಲಾಗದ ನೆನಪು!" ಎನ್ನುವುದು, ಇನ್ನೊಂದನ್ನು ಬಡಿದು "ಚಿರಂತನ ವಿಶ್ರಾಂತಿ!" ಎನ್ನುವುದು. ಮೆರ್ಲೆಟ್ಟಾ ಬಾಗಿಲಲ್ಲಿ ನಿಂತು, "ಬ್ರೆಡ್ ಮಾಡ್ತಿದೀಯೋ, ಮಣ್ಣು ಮಾಡ್ತಿದೀಯೋ?" ಎಂದು ಕೇಳಿದಳು. ಅವನಿಗೆ ಅದು ತಟ್ಟಲಿಲ್ಲ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಕಿವಿ ಕೇಳದ ಸತ್ತವರಿಗೇ ಇಷ್ಟು ಒಳ್ಳೊಳ್ಳೆಯ ಮಾತು ಹೇಳುತ್ತಾರೆಂದ ಮೇಲೆ, ಬದುಕಿ ಎದುರಿಗೆ ಕೂತವಳಿಗೆ ಅದನ್ನು ಹೇಳಿದರೆ ಎಷ್ಟು ಸಂತೋಷವಾಗಲಿಕ್ಕಿಲ್ಲ! ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಟೀ ಮೀಟಿಂಗಿನ ಸಂಜೆ ಶಾಲೆಯ ಹಾಲ್ ತುಂಬಿ, ಕಿಟಕಿಗಳಲ್ಲೂ ಜನ. ಗ್ಯಾಸ್ ಲೈಟಿನ ಬೆಳಕಿನಲ್ಲಿ ಮಿಸ್ ಯೂಲಲಿ ತಾನೇ ಹೊಲಿದುಕೊಂಡ ನೀಲಿ ಗೌನಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಲೆ ಬೀಸುವ ಒಬೆಡ್ ರಾಜನಾಗಿ, ಮೀನಿನ ವಾಸನೆ ಹೋಗಲೆಂದು ಹಚ್ಚಿಕೊಂಡ ಸೆಂಟಿನ ಘಾಟಿಗೆ ತಾನೇ ಸೀನುತ್ತಿದ್ದ. ಪೆಂಬರ್ಟನ್ ಟೀಚರು ಮೊದಲು ಎದ್ದರು. ದೇದೀಪ್ಯಮಾನ ಕಿರೀಟ, ಅನುಪಮ ಲಾವಣ್ಯ, ಮನಮೋಹಕ ಮಂದಹಾಸ. ಒಂದೂ ಬೆತ್ತಲೆಯಿಲ್ಲ. ಆದರೆ ಕೊನೆಗೆ "ಪ್ರಚಂಡ" ಎನ್ನುವಾಗ ಹೊಸ ಹಲ್ಲಿನ ಸೆಟ್ಟು ಸಡಿಲಾಯಿತು. ಬಾಯಿಗೆ ಕೈ ಒತ್ತಿಕೊಂಡು, ಏನು ಪ್ರಚಂಡ ಎಂದು ಹೇಳದೆ ಕೂತರು.

ಅಲ್ಫಿಯಸ್ ವೇದಿಕೆ ಹತ್ತಿದ. ಹಿಂದಿನ ಬೆಂಚಿನವರು ಕೂಗಲು ಗಂಟಲು ಸರಿಮಾಡಿಕೊಂಡರು. ಅವನು ಕಣ್ಣು ಮುಚ್ಚಿ, ರೇಡಿಯೊದವನ ದನಿಯನ್ನೇ ತಂದುಕೊಂಡು ಶುರುಮಾಡಿದ.

"ಮಾನ್ಯ ಸಭಿಕರೇ! ಈ ಪ್ರಶಾಂತ ಮುಖವನ್ನು ಒಮ್ಮೆ ನೋಡಿರಿ. ಎಂಥ ನಿಷ್ಕಳಂಕ ಬದುಕು! ಎಂಥ ನಿಸ್ವಾರ್ಥ ಸೇವೆ! ಅವಿಚಲ ಶ್ರದ್ಧೆಯಿಂದ, ಅಪ್ರತಿಮ ಸಹನೆಯಿಂದ ನಡೆದ ಈ ಸುದೀರ್ಘ ಪಯಣವನ್ನು ಕೃತಜ್ಞ ಹೃದಯಗಳು ಮರೆಯಲಾರವು. ಅಪಾರ ಬಂಧುಬಳಗವೂ ಅಸಂಖ್ಯ ಸ್ನೇಹಿತರೂ..."

ಬೆತ್ತಲೆ ಎಂದು ಯಾರೂ ಕೂಗಲಿಲ್ಲ. ಮುಂದಿನ ಸಾಲಿನ ಒಬ್ಬ ಮುದುಕ ಟೋಪಿ ತೆಗೆದ. ಅವನ ಪಕ್ಕದವನೂ ತೆಗೆದ. ಒಂದು ಕ್ಷಣದಲ್ಲಿ ಸಭೆಯ ಗಂಡಸರೆಲ್ಲ ಬರಿದಲೆಯಲ್ಲಿದ್ದರು. ವೇದಿಕೆಯ ಮೇಲೆ ರಾಜ ಒಬೆಡ್ ಅತ್ತಿತ್ತ ನೋಡಿ ತನ್ನ ರಟ್ಟಿನ ಕಿರೀಟವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಇಷ್ಟು ಗೌರವವನ್ನು ಅಲ್ಫಿಯಸ್ ಜನ್ಮದಲ್ಲಿ ಕಂಡಿರಲಿಲ್ಲ. ಹುರುಪು ಏರಿತು. "ನಮ್ಮೆಲ್ಲರ ಹೃದಯದಲ್ಲಿ ಇವರದು ತುಂಬಲಾರದ ಸ್ಥಾನ! ಅಳಿಸಲಾಗದ ನೆನಪು!" ಎಂದ. ಹಗಲೂ ಇರುಳೂ ಹೊಲಿದು ದಣಿಯುವ ಹೆಂಗಸು, ಪಾಪ, ಆರಾಮವೂ ಸಿಗಲಿ ಎಂದು ನೆನಪಾಗಿ, "ಇವರಿಗೆ ಚಿರಂತನ ವಿಶ್ರಾಂತಿ ದೊರಕಲಿ!" ಎಂದು ಮುಗಿಸಿದ.

ಹಿಂದಿನ ಬೆಂಚಿನಿಂದ ಯಾರೋ ಸಣ್ಣಗೆ "ಆಮೆನ್" ಅಂದರು.

ಚಪ್ಪಾಳೆ ಬರಲಿಲ್ಲ. ಗಾಢ ಮೌನ. ಮಿಸ್ ಯೂಲಲಿ ರಾಣಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಅದನ್ನು ಕಂಡು ಅಲ್ಫಿಯಸ್ ಆನಂದದಿಂದ ಹಿಂಬಾಗಿಲಲ್ಲಿ ಓಡಿಹೋದ. ಹೇಳುವುದನ್ನು ಹೇಳಿಯಾಯಿತು, ಇನ್ನು ರಾಣಿಯೇ ಹೇಳಿಕಳಿಸಬೇಕು, ಅಲ್ಲಿಯವರೆಗೆ ಎದುರಿಗೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ ಎಂದು ತಾನೇ ಒಂದು ನಿಯಮ ಮಾಡಿಕೊಂಡ. ನಿಜ ಹೇಳಬೇಕೆಂದರೆ ಹೆದರಿಕೆ.

ಅವನು ಓಡಿದ ಮೇಲೆ ಹಾಲಿನಲ್ಲಿ ಊರಿನ ಬುದ್ಧಿ ಕೆಲಸ ಮಾಡತೊಡಗಿತು. ಯೂಲಲಿಯ ನೆರೆಮನೆಯ ಡ್ರುಸಿಲಾ ಜೆಫರ್ಸ್ ಎದೆ ಹಿಡಿದುಕೊಂಡು ಹೇಳಿದಳಂತೆ: "ಆಸ್ಪತ್ರೆಗೆ ದಿನಾ ಬ್ರೆಡ್ ಹಾಕೋನು ಅವನು. ಡಾಕ್ಟ್ರ ಬಾಯಿಂದ ಏನೋ ಕಿವಿಗೆ ಬಿದ್ದಿರ್ಬೇಕು. ಈ ತಿಂಗಳು ಯೂಲಲಿ ಆಸ್ಪತ್ರೆಗೆ ಹೋಗಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ, ಒಂದ್ಸಲ ಅಲ್ಲ!" ಹೋಗಿದ್ದು ನರ್ಸುಗಳ ಯೂನಿಫಾರಂಗೆ ಅಳತೆ ತೆಗೆಯಲು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಪೆಂಬರ್ಟನ್ ಟೀಚರು, ಒಬ್ಬ ಹೆಂಡತಿಯನ್ನು ಆಗಲೇ ಕಳಿಸಿಕೊಟ್ಟವರು, ಆ ಸಂಜೆಯೇ ಕೈ ಕೇಳುವ ಆಲೋಚನೆ ಬಿಟ್ಟರು.

ಮರುದಿನ ಚರ್ಚಿನಿಂದ ಬಂದ ಮೆರ್ಲೆಟ್ಟಾ ಟೋಪಿಯನ್ನೂ ತೆಗೆಯದೆ ತಮ್ಮನ ಮುಂದೆ ಕೂತಳು.

"ನಿಜ ಹೇಳು. ಮಿಸ್ ಯೂಲಲಿ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತು ಅಲ್ವಾ?"

ಅಲ್ಫಿಯಸ್ ನಾಚಿ ನೆಲ ನೋಡಿದ. ತನ್ನ ಪ್ರೀತಿ ಅಕ್ಕನಿಗೆ ತಿಳಿದುಹೋಯಿತಲ್ಲ! "ಗೊತ್ತಿತ್ತಕ್ಕಾ. ಇವತ್ತು ನಿನ್ನೇದಲ್ಲ ಅದು, ವರ್ಷಗಟ್ಟಲೆ ಆಯ್ತು."

"ವರ್ಷಗಟ್ಟಲೆ! ಅಯ್ಯೋ ದೇವ್ರೇ! ಬಾಯಿ ಬಿಡ್ಲಿಲ್ವಲ್ಲೋ ನೀನು!"

"ಯಾರಿಗೆ ಅಂತ ಹೇಳ್ಲಿ? ಒಳಗೊಳಗೇ ನುಂಗ್ಕೊಂಡಿದ್ದೆ."

"ಇನ್ನು... ವಾಸಿ ಆಗೋ ಮಾತೇ ಇಲ್ವಾ?"

ಅಲ್ಫಿಯಸ್ ನಿಟ್ಟುಸಿರು ಬಿಟ್ಟ. "ಇದು ವಾಸಿ ಆಗೋದಲ್ಲಕ್ಕಾ. ಸಾಯೋವರೆಗೂ ಇರತ್ತೆ."

ಮೆರ್ಲೆಟ್ಟಾ ಅಡುಗೆಮನೆಗೆ ಹೋಗಿ ಅತ್ತಳು. ಆನಂದಬಾಷ್ಪ ಎಂದುಕೊಂಡ ಅಲ್ಫಿಯಸ್. ಸಂಜೆಯಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು: ವರ್ಷಗಳ ಕಾಯಿಲೆ, ಮದ್ದಿಲ್ಲ, ಬ್ರೆಡ್ಡಿನವನು ತನ್ನ ಬಾಯಾರೆ ಒಪ್ಪಿಕೊಂಡಿದ್ದಾನೆ.

ಆ ವಾರ ಯೂಲಲಿಗೆ ಬ್ರೆಡ್ಡು ಕೊಡಲು ಅಲ್ಫಿಯಸ್ ಅಕ್ಕನನ್ನೇ ಕಳಿಸಿದ; ತಾನು ಒಲೆಯ ಹಿಂದಿನಿಂದ ರಸ್ತೆ ನೋಡುತ್ತಿದ್ದ. ಏನು ನೋಡುವುದು! ಹುಣಸೆ ಮರದ ಕಡೆಗೆ ಸಾಲುಸಾಲಾಗಿ ಜನ. ಒಬ್ಬಳ ಕೈಯಲ್ಲಿ ಆಡಿನ ಸಾರಿನ ಪಾತ್ರೆ, ಇನ್ನೊಬ್ಬಳ ಕೈಯಲ್ಲಿ ಸುಟ್ಟ ದೀವಿಹಲಸು, ಮತ್ತೊಬ್ಬಳ ಕೈಯಲ್ಲಿ ಮಡಚಿದ ಬಿಳಿ ಬಟ್ಟೆ. ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ಒಂದು ಮುರಿದ ಬೇಲಿಯ ವಿಷಯಕ್ಕೆ ಯೂಲಲಿಯ ಜೊತೆ ಮಾತು ಬಿಟ್ಟಿದ್ದ ಡ್ರುಸಿಲಾ ಕೂಡ ಅವಳ ಮನೆಯೊಳಗೆ ಹೋಗಿ ಅವಳನ್ನು ತಬ್ಬಿಕೊಂಡಳೆಂದು ಮೆರ್ಲೆಟ್ಟಾ ಹೇಳಿದಳು.

ಅಲ್ಫಿಯಸ್‌ಗೆ ಅರ್ಥವಾಯಿತು. ಮದುವೆ! ಇನ್ನೂ ತಾನು ಕೇಳಿಲ್ಲ, ಅವಳು ಒಪ್ಪಿಲ್ಲ, ಆದರೆ ಈ ಊರಿನ ಜನ ಯಾವತ್ತು ಯಾರನ್ನು ಕೇಳಿ ಕೆಲಸ ಮಾಡಿದ್ದಾರೆ? ಒಂದು ಭಾಷಣ ಕೇಳಿಯೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಎಂಥ ಜನ, ಎಂಥ ಮನಸ್ಸು ಎಂದು ಅವನ ಕಣ್ಣು ತುಂಬಿತು.

ಬೀದಿಗೆ ಹೋದರೆ ಎದುರಾದವರೆಲ್ಲ ಕೈ ಹಿಡಿದುಕೊಳ್ಳುವವರೇ.

"ಧೈರ್ಯವಾಗಿರು ಅಲ್ಫಿಯಸ್" ಎಂದ ಒಬೆಡ್.

"ಪ್ರಯತ್ನ ಮಾಡ್ತಿದೀನಿ."

"ಎಲ್ರೂ ಒಂದಲ್ಲ ಒಂದು ದಿನ ಎದುರಿಸ್ಬೇಕಾದ್ದೇ."

"ಹೌದು, ನಂಗೇ ಸ್ವಲ್ಪ ತಡವಾಯ್ತು" ಎಂದ ಅಲ್ಫಿಯಸ್ ನಕ್ಕು.

ಆ ನಗುವನ್ನು ನೋಡಿ ಒಬೆಡ್ ಮನೆಗೆ ಹೋಗಿ, ದುಃಖ ಜಾಸ್ತಿಯಾಗಿ ಬ್ರೆಡ್ಡಿನವನ ತಲೆ ಸ್ವಲ್ಪ ಹೆಚ್ಚುಕಮ್ಮಿಯಾಗಿದೆ ಎಂದು ಹೆಂಡತಿಗೆ ಹೇಳಿದ. ಪಾದ್ರಿಗಳು ಸೈಕಲ್ಲಿನಿಂದ ಇಳಿದು ಅಲ್ಫಿಯಸ್‌ನ ಭುಜದ ಮೇಲೆ ಕೈಯಿಟ್ಟು, "ನಾನು ಇವತ್ತು ಅವಳನ್ನ ನೋಡ್ಬಂದೆ. ತಯಾರಾಗಿದಾಳೆ" ಎಂದರು. ಅಲ್ಫಿಯಸ್‌ನ ಎದೆ ಕುಣಿಯಿತು. "ನಾನೂ ತಯಾರು ಫಾದರ್!" ಎಂದ. ಪಾದ್ರಿಗಳು ಹೌಹಾರಿ, ಅಂಥ ಯೋಚನೆಯನ್ನೆಲ್ಲ ತಲೆಗೆ ತಂದುಕೊಳ್ಳಬಾರದು, ಪ್ರಾಣ ದೇವರು ಕೊಟ್ಟದ್ದು ಎಂದು ರಸ್ತೆಯಲ್ಲೇ ಬುದ್ಧಿ ಹೇಳಿ, ಒಂದು ಪ್ರಾರ್ಥನೆಯನ್ನೂ ಮಾಡಿ ಹೋದರು. ಒಂಟಿಯಾಗಿ ಬದುಕಿದವರಿಗೆ ಮದುವೆಯ ಮಹತ್ವ ಗೊತ್ತಾಗುವುದಿಲ್ಲ ಎಂದುಕೊಂಡ ಅಲ್ಫಿಯಸ್.

ಡ್ರುಸಿಲಾ ಬಂದು, ಶನಿವಾರದೊಳಗೆ ದೊಡ್ಡ ಒಲೆ ತುಂಬ ಬ್ರೆಡ್ಡು ಬೇಕಾದೀತು, ದೂರದಿಂದಲೂ ಜನ ಬರುತ್ತಾರೆ ಎಂದಳು. ಅವನು ಜಾಯಿಕಾಯಿ ಹಾಕಿ, ಬೆಣ್ಣೆ ಎರಡರಷ್ಟು ಹಾಕಿ, ಹಾಡು ಹೇಳಿಕೊಂಡು ಬೇಯಿಸಿದ. ಒಂದೊಂದು ಬ್ರೆಡ್ಡಿನ ಮೇಲೂ ಹಿಟ್ಟಿನಿಂದಲೇ ಹೂವು ಮಾಡಿ ಕೂರಿಸಿದ. ಡ್ರುಸಿಲಾ ಆ ಹೂವುಗಳನ್ನು ನೋಡಿ ಮೂಗು ಒರೆಸಿಕೊಂಡಳು. ಸೇಂಟ್ ಕಿಟ್ಸ್‌ನ ದೋಣಿಯಲ್ಲಿ ಯೂಲಲಿಯ ಚಿಕ್ಕಪ್ಪನ ಮಗಳು ಆರ್ಡೆಲ್ಲಾ ಬಂದಿಳಿದಳು. ತಲೆಯ ಮೇಲೆ ದೊಡ್ಡ ಕಪ್ಪು ಟೋಪಿ, ಕೈಯಲ್ಲಿ ಖಾಲಿ ಪೆಟ್ಟಿಗೆ. ಬಂದ ದಿನವೇ ಹೊಲಿಗೆ ಯಂತ್ರಕ್ಕೆ ಬಟ್ಟೆ ಸುತ್ತಿ ಹಗ್ಗ ಬಿಗಿದಳಂತೆ. ನೆಂಟರೆಂದರೆ ಹೀಗೆ ಮುತುವರ್ಜಿ ಇರಬೇಕು ಎಂದು ಅಲ್ಫಿಯಸ್ ಮೆಚ್ಚಿಕೊಂಡ.

ಶುಕ್ರವಾರ ಸಂಜೆ ಬಡಗಿ ಸೀಫಸ್ ಟೈಸನ್ ಬ್ರೆಡ್ಡಿಗೆಂದು ಬಂದವನು ಹೋಗದೆ ಅಲ್ಲೇ ನಿಂತ. ಸೀಫಸ್ ಮಿತಭಾಷಿ. ಮರದ ಜೊತೆಗೇ ಬದುಕು ಸಾಗಿಸಿದವನು.

"ಅಲ್ಫಿಯಸ್, ಒಂದು ಕೇಳ್ಬೇಕಿತ್ತು. ನಾನೇ ಹೋಗಿ ಅಳತೆ ತಗೊಳಕ್ಕೆ ಮನಸ್ಸು ಬರ್ತಿಲ್ಲ. ಮಿಸ್ ಯೂಲಲಿ ನಿನ್ನ ಭುಜದವರೆಗೆ ಬರ್ತಾಳಾ?"

"ಕಿವಿಯವರೆಗೆ" ಎಂದ ಅಲ್ಫಿಯಸ್, ಕೆಂಪಾಗಿ. ಮಂಚ! ಸೀಫಸ್ ಮದುವೆಗೆ ಮಂಚ ಮಾಡಿಕೊಡುತ್ತಿದ್ದಾನೆ! "ಆದ್ರೆ ಸೀಫಸ್, ಅಳತೆ ನನ್ನದನ್ನೇ ಹಿಡಿಯಪ್ಪ. ನಾನೂ ಮಲಗ್ಬೇಕಲ್ಲ."

ಸೀಫಸ್ ಪಿಳಿಪಿಳಿ ಕಣ್ಣು ಬಿಟ್ಟ. "ನೀನೂನಾ? ಅದ್ರಲ್ಲೇ?"

"ಮತ್ತೆ? ಬೇರೆಬೇರೆ ಮಾಡಿಸ್ತಾರಾ ಯಾರಾದ್ರೂ?"

"ನಾನು ಮಾಡಿದ್ದೆಲ್ಲ ಒಬ್ಬೊಬ್ಬರಿಗೇ ಕಣಪ್ಪ." ಸೀಫಸ್ ಹಣೆ ಒರೆಸಿಕೊಂಡ. "ಇರ್ಲಿ, ಹಿಡಿ ಯಾವ ತರದ್ದು ಹಾಕ್ಲಿ? ಹಿತ್ತಾಳೇದು ಇದೆ."

"ಹಿಡಿ ಯಾಕೆ?"

"ಹೊರೋದು ಬೇಡ್ವಾ?"

"ಹೊತ್ಕೊಂಡು ಎಲ್ಲಿಗೆ?"

"ಸ್ಮಶಾನಕ್ಕೆ" ಎಂದ ಸೀಫಸ್.

ಅಲ್ಫಿಯಸ್ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಹೂವಿನ ಬ್ರೆಡ್ಡುಗಳು ನೆಲದ ಮೇಲೆ ಉರುಳಿದವು. ಸೀಫಸ್ ಗಾಬರಿಯಾಗಿ, ಇದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ, ಡಾಕ್ಟರು ಕೈಬಿಟ್ಟಿದ್ದಾರೆ, ನಿನ್ನೆಯಿಂದ ಅವಳು ಹಾಸಿಗೆ ಹಿಡಿದಿದ್ದಾಳೆ, ನಿನಗೆ ತಿಳಿಯದ್ದೇನು ಎಂದು ಏನೇನೋ ಹೇಳುತ್ತಿದ್ದ. ಅದನ್ನು ಕೇಳಲು ಅಲ್ಫಿಯಸ್ ಅಲ್ಲಿರಲಿಲ್ಲ. ಮೈಯೆಲ್ಲ ಹಿಟ್ಟು, ಕಾಲಲ್ಲಿ ಒಂದೇ ಚಪ್ಪಲಿ, ಹುಣಸೆ ಮರದ ಕಡೆ ಓಡುತ್ತಿದ್ದ. ಓಡುವಾಗ ಒಂದೇ ಯೋಚನೆ: ದಿನಾ ಬೆಳಗ್ಗೆ ಅವಳ ಬಾಗಿಲಲ್ಲಿ ನಿಂತೂ ಒಂದು ಮಾತು ಆಡದೆ ಬಂದೆನಲ್ಲ, ಇನ್ನು ಆಡುವುದು ಯಾರ ಹತ್ತಿರ?

ಆರ್ಡೆಲ್ಲಾ ಬಾಗಿಲಲ್ಲಿ ತಡೆದಳು. "ರೋಗಿಯನ್ನ ಮಾತಾಡಿಸ್ಬಾರ್ದು!"

"ಬಿಡು ಅವರನ್ನ ಒಳಗೆ" ಎಂದು ಒಳಗಿನಿಂದ ಯೂಲಲಿಯ ದನಿ ಬಂತು. "ನೀನು ಹೊರಗಿರು."

ಮಿಸ್ ಯೂಲಲಿ ದಿಂಬಿಗೆ ಒರಗಿ ಮಲಗಿದ್ದಳು. ಸುತ್ತ ಸಾರಿನ ಪಾತ್ರೆಗಳು, ಕಷಾಯದ ಬಟ್ಟಲುಗಳು. ಮುಖ ಬಾಡಿತ್ತು. ಬೆಳಗ್ಗಿನಿಂದ ಸಂಜೆಯವರೆಗೆ ಊರಿನವರೆಲ್ಲ ಬಂದು ಹಣೆ ಮುಟ್ಟಿ ತಲೆಯಾಡಿಸಿದರೆ ಎಂಥವರಿಗೂ ಜ್ವರ ಬಂದೀತು, ಅವಳಿಗೂ ಬಂದಿತ್ತು.

"ಅಲ್ಫಿಯಸ್, ನೀವಾದ್ರೂ ನಿಜ ಹೇಳಿ. ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು?" ಅಲ್ಫಿಯಸ್ ಮಂಚದ ಪಕ್ಕ ಕುಸಿದು ಕೂತ. "ನಾನು ಬ್ರೆಡ್ ಕೊಡೋದು ಅಡುಗೆಯವಳ ಕೈಗೆ. ಆಸ್ಪತ್ರೇಲಿ ಡಾಕ್ಟ್ರನ್ನ ನೋಡೇ ಇಲ್ಲ ನಾನು."

"ಹಾಗಾದ್ರೆ ನಾನು ಸಾಯ್ತೀನಿ ಅಂತ ನಿಮಗೆ ಯಾರು ಹೇಳಿದ್ದು?"

"ಸೀಫಸ್. ಈಗ ತಾನೇ."

"ಸೀಫಸ್‌ಗೆ ಯಾರು ಹೇಳಿದ್ರು?"

"ಎಲ್ರೂ."

"ಎಲ್ರಿಗೂ?"

ಅಲ್ಫಿಯಸ್‌ಗೆ ಗೊತ್ತಿರಲಿಲ್ಲ. ಯೂಲಲಿ ಎದ್ದು ಕೂತಳು. "ಎಲ್ರಿಗೂ ಹೇಳಿದ್ದು ನೀವು, ಮಾರಾಯ್ರೇ! ವೇದಿಕೆ ಮೇಲೆ ನಿಂತ್ಕೊಂಡು! ನಿಷ್ಕಳಂಕ ಬದುಕು, ತುಂಬಲಾರದ ಸ್ಥಾನ, ಚಿರಂತನ ವಿಶ್ರಾಂತಿ! ಇದನ್ನೆಲ್ಲ ಯಾರಿಗೆ ಹೇಳ್ತಾರೆ?"

ಸೀಫಸ್, ಪಾದ್ರಿ, ಕಪ್ಪು ಟೋಪಿ, ಬಿಳಿ ಬಟ್ಟೆ ಎಲ್ಲ ಒಂದರ ಹಿಂದೊಂದು ಅಲ್ಫಿಯಸ್‌ನ ತಲೆಯೊಳಗೆ ಬಂದು ತಮ್ಮತಮ್ಮ ಜಾಗದಲ್ಲಿ ಕೂತವು. ಅವನು ಹಿಟ್ಟಿನ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ರೇಡಿಯೊದಲ್ಲಿ ಕೇಳಿದ್ದು. ನಂಗೆ ಬೇರೆ ಗೊತ್ತಿರ್ಲಿಲ್ಲ. ಟೀಚರು ಕತ್ತೆ ಕೊಡ್ತೀನಿ ಅಂದ್ರು, ಗುಣವಾಚಕ ಕೊಡ್ಲಿಲ್ಲ. ತಪ್ಪಾಯ್ತು ಮಿಸ್ ಯೂಲಲಿ. ಇನ್ಮೇಲೆ ಬಾಯೇ ಬಿಡಲ್ಲ ನಾನು. ಬ್ರೆಡ್ಡು ಕೂಡ ಅನ್ನಲ್ಲ, ಸುಮ್ನೆ ಇಟ್ಟು ಹೋಗ್ತೀನಿ."

ಅವನು ಬೆರಳ ಸಂದಿಯಿಂದ ನೋಡಿದ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು.

"ಅಂದ್ರೆ ಅವು ಸಾಯೋವಳಿಗೆ ಹೇಳಿದ ಮಾತಲ್ಲ?"

"ಅಲ್ಲ. ನಿಮಗೆ ಹೇಳಿದ್ದು."

"ನಿಜವಾಗ್ಲೂ ನಂಗೇ?"

"ಬೇರೆ ಯಾರಿಗೆ ಹೇಳ್ಲಿ ನಾನು?"

ಯೂಲಲಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಮ್ಮಮ್ಮ ತೀರ್ಕೊಂಡಾಗ ನಮ್ಮಪ್ಪ ಪೆಟ್ಟಿಗೆ ಪಕ್ಕ ನಿಂತ್ಕೊಂಡು ಮಾತಾಡಿದ್ರು ನೋಡಿ, ಇಡೀ ದ್ವೀಪ ಅತ್ತಿತ್ತು. ಎಂತೆಂಥ ಮಾತು! ಒಂದೊಂದೂ ಮುತ್ತು. ನಾನು ಚಿಕ್ಕೋಳು, ಅಮ್ಮನ ಮುಖಾನೇ ನೋಡ್ತಿದ್ದೆ. ಬದುಕಿದ್ದಾಗ ಅವಳಿಗೆ 'ಸಾರು ಚೆನ್ನಾಗಿದೆ' ಅಂತ ಕೂಡ ಅಂದೋರಲ್ಲ ನಮ್ಮಪ್ಪ. ಅವಳಿಗೆ ಒಂದಾದ್ರೂ ಮಾತು ಕೇಳಿಸ್ಬಾರ್ದಾ ದೇವ್ರೇ ಅಂತ ಬೇಡ್ಕೊಂಡಿದ್ದೆ." ಅವಳು ಕಣ್ಣು ಒರೆಸಿಕೊಂಡಳು. "ಆವತ್ತು ನೀವು ಹೇಳ್ತಿದ್ದಾಗ ನಾನು ಕುರ್ಚಿ ಮೇಲೆ ಬದುಕಿ ಕೂತಿದ್ದೆ, ಕಿವಿ ನೆಟ್ಟಗಿತ್ತು. ಎಷ್ಟು ಸಂತೋಷ ಆಗಿತ್ತು ಗೊತ್ತಾ? ಆಮೇಲೆ ಇವರೆಲ್ಲ ಬಂದು, ಅದು ಡಾಕ್ಟ್ರು ಹೇಳಿದ್ದಕ್ಕೆ ಹೇಳಿದ್ದು, ಕನಿಕರಕ್ಕೆ ಹೇಳಿದ್ದು ಅಂದ್ರು. ನಂಗೆ ಜ್ವರ ಬಂದಿದ್ದು ಅದಕ್ಕೇ."

ಕನಿಕರ ಅಲ್ಲ ಎಂದು ಅಲ್ಫಿಯಸ್ ತಲೆಯಾಡಿಸಿದ.

"ಹಾಗಾದ್ರೆ ಇನ್ನೊಂದ್ಸಲ ಹೇಳಿ" ಎಂದಳು ಅವಳು. "ಈಗ ಬೆಂಚಿನವರು ಯಾರೂ ಇಲ್ಲ."

"ಬೇಡ ಮಿಸ್ ಯೂಲಲಿ. ಆ ಮಾತು ಆಡಿದ್ರೆ ಏನಾದ್ರೂ ಆಗೋಗತ್ತೆ."

"ಏನೂ ಆಗಲ್ಲ. ಚಿರಂತನ ವಿಶ್ರಾಂತಿ ಒಂದು ಬಿಟ್ಬಿಡಿ, ಉಳಿದದ್ದೆಲ್ಲ ಹೇಳಿ."

ಅಲ್ಫಿಯಸ್ ಎದ್ದು ನಿಂತ. ಅಂಗಿಯ ಹಿಟ್ಟು ಕೊಡವಿಕೊಂಡ. ಈ ಸಲ ರೇಡಿಯೊದವನ ದನಿಯಲ್ಲ, ಅವನದೇ.

"ನಿಷ್ಕಳಂಕ ಬದುಕು" ಎಂದ. "ನಿಸ್ವಾರ್ಥ ಸೇವೆ. ಅವಿಚಲ ಶ್ರದ್ಧೆ..." ಅವನ ಕಣ್ಣಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ಅವಳೂ ಬಿಕ್ಕುತ್ತಿದ್ದಳು. "ಪ್ರಶಾಂತ ಮುಖ. ಅಪ್ರತಿಮ ಸಹನೆ. ನನ್ನ ಎದೆಯಲ್ಲಿ ನಿಮ್ಮದು ತುಂಬಲಾರದ ಸ್ಥಾನ..."

ಹೊರಗೆ ಹುಣಸೆ ಮರದ ಕೆಳಗೆ ಚರ್ಚಿನ ಗಾಯನದವರು, ರೋಗಿಗೆ ಸಮಾಧಾನದ ಹಾಡು ಹೇಳೋಣವೆಂದು ಬಂದವರು, ಪಾದ್ರಿಗಳ ಜೊತೆ ನಿಂತಿದ್ದರು. ಒಳಗಿನಿಂದ ಆ ಮಾತುಗಳು, ಜೊತೆಗೆ ಬಿಕ್ಕಿ ಬಿಕ್ಕಿ ಅಳು. ಇನ್ನೇನು ಬೇಕು? ಡ್ರುಸಿಲಾ "ಹೋದ್ಲು!" ಎಂದು ಚೀರಿದಳು. ಆರ್ಡೆಲ್ಲಾ ಪೆಟ್ಟಿಗೆಯ ಬಾಯಿ ತೆರೆದಳು. ಪಾದ್ರಿಗಳು ಟೋಪಿ ತೆಗೆದು ಕೈಯೆತ್ತಿದರು. ಗಾಯನದವರೆಲ್ಲ ಒಂದೇ ಉಸಿರಿಗೆ, ಮಣ್ಣು ಕೊಡುವಾಗ ಹೇಳುವ ಹಾಡನ್ನು, ಬೆಟ್ಟಕ್ಕೆ ಕೇಳುವಂತೆ ಎತ್ತಿಕೊಂಡರು.

ಮಿಸ್ ಯೂಲಲಿ ಹಾಸಿಗೆಯಿಂದ ಇಳಿದು ಹೋಗಿ ಕಿಟಕಿಯನ್ನು ದಡಾರನೆ ತೆರೆದಳು.

"ಏ, ನಿಲ್ಸ್ರೀ!"

ಹಾಡು ಅರ್ಧಕ್ಕೆ ನಿಂತಿತು. ತೆರೆದ ಬಾಯಿಗಳು ತೆರೆದೇ ಇದ್ದವು. ಡ್ರುಸಿಲಾ ಮರಕ್ಕೆ ಆತುಕೊಂಡಳು.

"ಹಾಡೋದಿದ್ರೆ ಮುಂದಿನ ಶನಿವಾರ ಬಂದು ಹಾಡಿ, ಮದುವೆಗೆ. ಅದೂ ಈ ಹಾಡು ಬೇಡ" ಎಂದಳು ಮಿಸ್ ಯೂಲಲಿ. "ಈಗ ಎಲ್ರೂ ಬಾಯಿ ಮುಚ್ಕೊಂಡಿರಿ. ಇವರು ಏನೋ ಹೇಳ್ತಾ ಇದಾರೆ, ನಂಗೆ ಕೇಳಿಸ್ತಾನೇ ಇಲ್ಲ."

ಕಿಟಕಿ ಮುಚ್ಚಿದಳು. ಮದುವೆಯ ಸುದ್ದಿಯನ್ನು ಈಗಷ್ಟೇ ಕೇಳಿದ್ದ ಅಲ್ಫಿಯಸ್ ಮಂಚದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ. ಅವಳು ಬಂದು ಕುರ್ಚಿಯ ಮೇಲೆ ಕೂತು, ಕೂದಲು ಸರಿಮಾಡಿಕೊಂಡು, ಕೈ ಕಟ್ಟಿಕೊಂಡಳು.

"ಹೂಂ, ಹೇಳಿ. ತುಂಬಲಾರದ ಸ್ಥಾನ ಅಂದ್ರಲ್ಲ, ಆಮೇಲೆ?"